ಹದಿನೇಳನೇ ಗೂಟ

ಬೆಳಗಿನ ಐದೂ ಮುಕ್ಕಾಲು. ಸರೋವರದ ಮೇಲೆ ಇನ್ನೂ ಗಾಳಿ ಎದ್ದಿಲ್ಲ. ದೋಣಿಕಟ್ಟೆಯ ಕೊನೆಯ ಹಲಗೆಯ ಮೇಲೆ ಐವತ್ತೊಂಬತ್ತು ವರ್ಷದ ಹೆಂಗಸೊಬ್ಬರು ಬೋರಲು ಮಲಗಿದ್ದಾರೆ. ಸೊಂಟದವರೆಗಿನ ಮೈ ಹಲಗೆಯ ಮೇಲಿದೆ, ತಲೆ ತೋಳುಗಳೆಲ್ಲ ನೀರಿನ ಕಡೆಗೆ ಇಳಿಬಿದ್ದಿವೆ. ಕೈಯಲ್ಲಿ ತಳ ಕತ್ತರಿಸಿ ಒಂದು ಬದಿ ಸೀಳಿದ ಬಿಸ್ಕತ್ತಿನ ಡಬ್ಬಿ. ಮೊದಲ ಸಲ ನೋಡಿದವರು ಯಾರೋ ನೀರಿಗೆ ಬೀಳುತ್ತಿದ್ದಾರೆಂದು ಎದ್ದುಬಿದ್ದು ಓಡಿ ಬಂದದ್ದೂ ಉಂಟು. ಹಾಗೆ ಬಂದವರಿಗೆ ಅವರು ತಿರುಗಿ ಕೂಡ ನೋಡದೆ, ಹಲಗೆ ಅಲ್ಲಾಡಿಸಬೇಡಿ ಎನ್ನುತ್ತಾರೆ.

ಕಟ್ಟೆಯ ಕಂಬಕ್ಕೆ ಅಳತೆಪಟ್ಟಿಯೊಂದನ್ನು ಬಿಗಿದಿದ್ದಾರೆ. ಬಿಳಿ ಬಣ್ಣದ ಮೇಲೆ ಕಪ್ಪು ಅಂಕಿಗಳು, ಸೊನ್ನೆಯಿಂದ ಮುನ್ನೂರು ಸೆಂಟಿಮೀಟರ್‌ವರೆಗೆ. ನೀರು ಯಾವ ಅಂಕಿಗೆ ಮುಟ್ಟಿದೆ ಎಂದು ಓದಬೇಕು, ಕೆಲಸ ಅಷ್ಟೇ. ಆದರೆ ಎಷ್ಟು ಶಾಂತವಾದ ನೀರೂ ಸುಮ್ಮನಿರುವುದಿಲ್ಲ, ಒಂದು ಬೆರಳಿನಷ್ಟಾದರೂ ಏಳುತ್ತದೆ, ಇಳಿಯುತ್ತದೆ. ಅದಕ್ಕೇ ಈ ಡಬ್ಬಿ. ಪಟ್ಟಿಗೆ ಒತ್ತಿ ಹಿಡಿದರೆ ಒಳಗಿನ ನೀರು ಕದಲದೆ ನಿಲ್ಲುತ್ತದೆ. ಅವರು ಕಣ್ಣು ಕಿರಿದು ಮಾಡಿ ನೋಡುತ್ತಾರೆ, ಉಸಿರು ಬಿಗಿಹಿಡಿದು ಇನ್ನೊಮ್ಮೆ ನೋಡುತ್ತಾರೆ. "ಇನ್ನೂರ ಮೂವತ್ತಾರು," ಎಂದು ತಮಗೆ ತಾವೇ ಹೇಳಿಕೊಂಡು ಏಳುತ್ತಾರೆ. ಸೊಂಟ ಹಿಡಿದುಕೊಂಡು, ಒಂದೆರಡು ಸಲ ಅಯ್ಯಪ್ಪಾ ಎಂದುಕೊಂಡೇ ಏಳುತ್ತಾರೆ.

ಮೂವತ್ತೊಂದು ವರ್ಷದಿಂದ ಅವರ ಬೆಳಗು ಹೀಗೇ ಆಗುತ್ತಿದೆ. ಹನ್ನೊಂದು ಸಾವಿರಕ್ಕೂ ಮೇಲ್ಪಟ್ಟು ಬೆಳಗುಗಳು! ಮಗಳ ಮದುವೆಯ ದಿನ ಮದುವೆ ಸೀರೆಯಲ್ಲೇ ಬಂದು ಮಲಗಿದ್ದರಂತೆ. ತಾಯಿ ತೀರಿಕೊಂಡ ದಿನವೂ ಬಂದಿದ್ದರು. ಆ ಪುಸ್ತಕಗಳನ್ನು ತಿರುವಿದರೆ ಮೂಗಿನ ಮೇಲೆ ಬೆರಳಿಡಬೇಕು. ವರ್ಷಕ್ಕೊಂದು ಪುಸ್ತಕ, ದಿನಕ್ಕೊಂದು ಸಾಲು. ಪ್ರತಿ ಸಾಲಿನ ಕೊನೆಯಲ್ಲಿ "ಅಳತೆ ತೆಗೆದವರು" ಎಂಬ ಅಂಕಣ, ಅದರಲ್ಲಿ ಅದೇ ಒಂದು ಸಹಿ. ಈ ವರ್ಷದ ಪುಸ್ತಕದಲ್ಲಿ ಒಂಬತ್ತು ಸಾಲುಗಳು ಮಾತ್ರ ಬೇರೆ. ಆ ಒಂಬತ್ತು ಸಾಲುಗಳ ಕಥೆಗೆ ಆಮೇಲೆ ಬರೋಣ.

ಕಚೇರಿಯ ಕಾಗದದಲ್ಲಿ ಅವರು "ದಡ ಗುರುತು ಸಹಾಯಕಿ". ಹಾಗೆ ಹೇಳಿದರೆ ಈ ದಡದಲ್ಲಿ ಯಾರಿಗೂ ತಿಳಿಯುವುದಿಲ್ಲ. ಗೂಟದಕ್ಕ ಎಂದರೆ ಎಲ್ಲರೂ ಕೈ ತೋರಿಸುತ್ತಾರೆ. ಸರೋವರದ ಅಂಚಿನಲ್ಲಿ ಮನೆ ಕಟ್ಟುವವರು ನೀರಿನಿಂದ ಎಷ್ಟು ದೂರ ನಿಲ್ಲಬೇಕು ಎಂಬುದನ್ನು ಗೂಟ ಹೊಡೆದು ತೋರಿಸುವುದು ಅವರ ಕೆಲಸದ ಇನ್ನೊಂದು ಪಾಲು. ಹನ್ನೊಂದು ಕಿಲೋಮೀಟರ್ ದಡದ ಉದ್ದಕ್ಕೂ ಅವರು ಹೊಡೆದ ನೂರ ಹನ್ನೆರಡು ಗೂಟಗಳಿವೆ. ಎರಡಡಿ ಉದ್ದ, ಬುಡಕ್ಕೆ ಟಾರು, ತಲೆಗೆ ಕೆಂಪು ಬಣ್ಣ. ಬಣ್ಣ ಬಳಿಯುವವರೂ ಅವರೇ. "ಮಂತ್ರಿಗಳಿಗೆ ಗೂಟದ ಕಾರು ಕೊಡ್ತಾರೆ. ನನಗೆ ಕಾರು ಬಿಟ್ಟು ಬರೀ ಗೂಟ ಕೊಟ್ಟಿದ್ದಾರೆ," ಎಂದು ನಗುತ್ತಾರೆ. ಈ ಮಾತನ್ನು ಅವರು ಎಲ್ಲರಿಗೂ ಹೇಳುತ್ತಾರಂತೆ, ಪ್ರತಿ ಸಲವೂ ಅವರೇ ಎಲ್ಲರಿಗಿಂತ ಮೊದಲು ನಗುತ್ತಾರಂತೆ.

ನಿಯಮ ಹೇಳುವುದಕ್ಕೆ ಸುಲಭ. ನೀರು ಯಾವತ್ತಾದರೂ ಅತಿ ಮೇಲೆ ಬಂದು ನಿಂತ ಗೆರೆ ಎಲ್ಲಿದೆಯೋ ಅಲ್ಲಿಂದ ಮೂವತ್ತು ಮೀಟರ್ ಹಿಂದಕ್ಕೆ ಗೂಟ. ಆ ಗೆರೆಗೆ ಇಲ್ಲಿಯವರು ಮೇಲ್ಗೆರೆ ಎನ್ನುತ್ತಾರೆ. ಗೂಟದಿಂದ ಆಚೆ ನೀರಿನ ಕಡೆಗೆ ಮನೆಯಿಲ್ಲ, ಸೆಪ್ಟಿಕ್ ಟ್ಯಾಂಕಂತೂ ಇಲ್ಲವೇ ಇಲ್ಲ, ಅದು ಮನೆಗಿಂತಲೂ ಹಿಂದಕ್ಕಿರಬೇಕು. ದಡದ ಮರ ಕಡಿಯಬಾರದು, ಜೊಂಡು ಕೀಳಬಾರದು, ಸಿಮೆಂಟಿನ ಗೋಡೆ ಕಟ್ಟಿ ದಡವನ್ನು ನೆಟ್ಟಗೆ ಮಾಡಬಾರದು. ನೀರಿಗಿಳಿಯುವ ದಾರಿಯನ್ನು ನೇರವಾಗಿ ಬಿಡದೆ ಅಂಕುಡೊಂಕಾಗಿ ಮಾಡಬೇಕು. ಇಡೀ ಊರಿನ ನಲ್ಲಿಗಳಲ್ಲಿ ಬರುವುದು ಇದೇ ನೀರು, ಅದನ್ನು ಮರೆಯಬಾರದು.

ಹೇಳುವುದಕ್ಕೆ ಸುಲಭ ಅಂದೆವಲ್ಲ, ಒಪ್ಪಿಸುವುದಕ್ಕೆ ಮಾತ್ರ ಗೂಟದಕ್ಕನೇ ಆಗಬೇಕು. ಈ ಬೆಳಿಗ್ಗೆ ಹೊಸ ನಿವೇಶನವೊಂದರಲ್ಲಿ ಗಂಡ ಹೆಂಡತಿ ಕಾಯುತ್ತಿದ್ದಾರೆ. ಹೊಸ ಬೂಟು, ಕೈಯಲ್ಲಿ ಸುರುಳಿ ಸುತ್ತಿದ ನಕ್ಷೆ. ಮನೆಯ ಮುಂಬಾಗಿಲಿನಿಂದ ನೀರಿನವರೆಗೂ ಒಂದೇ ಸಮ ಹುಲ್ಲುಹಾಸು ಬೇಕು, ಮಧ್ಯೆ ನೇರವಾದ ಕಲ್ಲುದಾರಿ ಬೇಕು ಎಂದು ಗಂಡನಿಗೆ ಆಸೆ. ಗೂಟದಕ್ಕ ಬೇಡ ಎನ್ನುವುದಿಲ್ಲ. ಚೀಲದಿಂದ ನೀರಿನ ಬಾಟಲಿ ತೆಗೆದು, ಹುಲ್ಲು ಕೆರೆದು ಸಪಾಟು ಮಾಡಿದ ಇಳಿಜಾರಿನ ಮೇಲೆ ಸುರಿಯುತ್ತಾರೆ. ನೀರು ಸರ್ರನೆ ಇಳಿದು, ಮಣ್ಣನ್ನೂ ಕಟ್ಟಿಕೊಂಡು, ಕೆಂಪಗೆ ಸರೋವರ ಸೇರುತ್ತದೆ. ಅಷ್ಟೇ ನೀರನ್ನು ಪಕ್ಕದ ಪೊದೆಯ ಮೇಲೆ ಸುರಿಯುತ್ತಾರೆ. ಅದು ಎಲ್ಲಿ ಹೋಯಿತೆಂದೇ ತಿಳಿಯುವುದಿಲ್ಲ.

"ನೋಡಿ ಸ್ವಾಮಿ, ನಿಮ್ಮ ತೋಟದ ಗೊಬ್ಬರ, ನಿಮ್ಮ ಬಚ್ಚಲ ಸೋಪು, ಎಲ್ಲಾ ಈ ದಾರಿ ಹಿಡ್ಕೊಂಡು ಕೆರೆಗೆ ಬರುತ್ತೆ. ಆಮೇಲೆ ನಿಮ್ಮ ಲೋಟಕ್ಕೇ ವಾಪಸ್ ಬರುತ್ತೆ. ದಾರಿ ಸ್ವಲ್ಪ ಸುತ್ತಾಡ್ಕೊಂಡು ಇಳೀಲಿ ಬಿಡಿ. ನಿಮಗೇನು ಅವಸರ? ಕೆರೆ ನೋಡೋಕೆ ತಾನೇ ಬಂದಿರೋದು."

ಹೆಂಡತಿ ನಕ್ಕರು. ಗಂಡ ನಕ್ಷೆ ಬಿಚ್ಚಿ, ಪೆನ್ಸಿಲ್ ಕೇಳಿದರು. ಗೂಟದಕ್ಕ ಕಿವಿಯ ಮೇಲಿದ್ದ ಪೆನ್ಸಿಲನ್ನು ಕೊಟ್ಟು, ವಾಪಸ್ ಕೊಡಬೇಕು ಎಂದೂ ಹೇಳಿದರು.

ಈ ಕೆಲಸಕ್ಕೆ ಬಂದಾಗ ಅವರಿಗೆ ಇಪ್ಪತ್ತೆಂಟು. ಅದಕ್ಕೆ ಮೊದಲು ಮೀನು ಮಾರುವ ಅಂಗಡಿಯಲ್ಲಿ ಮಂಜುಗಡ್ಡೆ ಒಡೆಯುತ್ತಿದ್ದರು. ದಡದ ಕಚೇರಿಯವರು ಈಜು ಬಲ್ಲವರು ಬೇಕೆಂದು ಕೇಳಿದಾಗ ನಾಲ್ಕು ಜನ ಗಂಡಸರು ಬಂದಿದ್ದರಂತೆ, ಇವರೊಬ್ಬರು ಹೆಂಗಸು. ಅಧಿಕಾರಿ ಎಲ್ಲರನ್ನೂ ಕಟ್ಟೆಯ ಮೇಲೆ ನಿಲ್ಲಿಸಿ ಪಟ್ಟಿ ಓದಿ ಎಂದರು. ನಾಲ್ವರೂ ಒಂದೊಂದು ಅಂಕಿ ಹೇಳಿದರು. ಇವರು ಮಾತ್ರ, ನೀರು ಕುಣೀತಾ ಇದೆ ಸಾರ್, ಗಾಳಿ ನಿಲ್ಲೋವರೆಗೂ ಹೇಳೋಕಾಗಲ್ಲ ಎಂದರು. ಕೆಲಸ ಇವರಿಗೆ ಸಿಕ್ಕಿತು. ಇವರ ಗಂಡ ಬೇಕರಿಯಲ್ಲಿ ಒಲೆ ನೋಡಿಕೊಳ್ಳುವವರು, ಇವರಿಗಿಂತಲೂ ಮೊದಲೇ ಏಳುತ್ತಾರೆ. ಆ ಬಿಸ್ಕತ್ತಿನ ಡಬ್ಬಿ ಅವರದೇ ಕೊಡುಗೆ, ಇದುವರೆಗೆ ಹತ್ತೊಂಬತ್ತು ಡಬ್ಬಿಗಳು ಸವೆದಿವೆ. ಇಬ್ಬರೂ ಎಚ್ಚರವಾಗಿ ಒಂದೇ ಮನೆಯಲ್ಲಿ ಕೂತು ಊಟ ಮಾಡುವುದು ವಾರಕ್ಕೊಮ್ಮೆ ಎಂದು ಗಂಡ ದೂರುತ್ತಾರೆ, ಅದಕ್ಕೇ ಮೂವತ್ತೈದು ವರ್ಷ ಬಾಳಿದ್ದು ಎಂದು ಹೆಂಡತಿ ಉತ್ತರ ಕೊಡುತ್ತಾರೆ.

ಇಷ್ಟೆಲ್ಲ ನಗುವ ಗೂಟದಕ್ಕ ಪೂರ್ವ ದಡಕ್ಕೆ ಹೋಗುವಾಗ ಮಾತ್ರ ಸುಮ್ಮನಾಗುತ್ತಾರೆ. ಅಲ್ಲಿ ಹದಿನೇಳನೇ ಗೂಟವಿದೆ.

ಅವರು ಕೆಲಸಕ್ಕೆ ಸೇರುವ ಎರಡು ವರ್ಷ ಮೊದಲು ಸರೋವರಕ್ಕೆ ದೊಡ್ಡ ನೆರೆ ಬಂದಿತ್ತು. ಆಗ ಅಳತೆಪಟ್ಟಿಯೇ ಇರಲಿಲ್ಲ. ನೀರು ಎಲ್ಲಿಯವರೆಗೆ ಬಂದಿತ್ತು ಎಂಬುದಕ್ಕೆ ಉಳಿದ ಸಾಕ್ಷಿ ದಡದ ಮರಗಳು ಮಾತ್ರ. ವಾರಗಟ್ಟಲೆ ನಿಂತ ನೀರು ಕಾಂಡಗಳ ಮೇಲೆ ಕಪ್ಪು ಗೆರೆ ಎಳೆದು ಹೋಗಿತ್ತು. ಗೂಟ ಹೊಡೆಯುವವರೆಲ್ಲ ಮರದ ಆ ಕಪ್ಪು ಗೆರೆಯನ್ನೇ ಮೇಲ್ಗೆರೆ ಎಂದು ಹಿಡಿದು ಅಲ್ಲಿಂದ ಮೂವತ್ತು ಮೀಟರ್ ಅಳೆಯುತ್ತಿದ್ದರು. ಹದಿನಾಲ್ಕು ವರ್ಷದ ಹಿಂದೆ ಪೂರ್ವ ದಡದಲ್ಲಿ ಮೊದಲ ನಿವೇಶನಗಳು ಬಿದ್ದಾಗ ಗೂಟದಕ್ಕನೂ ಹಾಗೇ ಅಳೆದರು. ಹದಿನೇಳನೇ ಗೂಟದ ಹಿಂದಿನ ಜಾಗವನ್ನು ತೆಗೆದುಕೊಂಡವರು ಅವರ ಸ್ವಂತ ತಂಗಿ.

ತಂಗಿ ದರ್ಜಿ. ಅಕ್ಕನಿಗಿಂತ ಎಂಟು ವರ್ಷ ಚಿಕ್ಕವರು. ನಮ್ಮಕ್ಕ ಹೊಡೆದ ಗೂಟ, ಅದರಲ್ಲಿ ಎಳ್ಳಷ್ಟೂ ತಪ್ಪಿರಲ್ಲ ಎಂದು ಎಲ್ಲರಿಗೂ ಹೇಳಿಕೊಂಡು, ಗೂಟಕ್ಕೆ ಸರಿಯಾಗಿ ಗೋಡೆ ತಾಗುವಂತೆ ಮುಂದಿನ ಕೋಣೆ ಕಟ್ಟಿಸಿದರು. ಕೋಣೆಗೆ ಇಷ್ಟಗಲದ ಕಿಟಕಿ, ಕಿಟಕಿಯಡಿ ಹೊಲಿಗೆ ಮಿಷಿನ್ನು. ಕಪ್ಪು ಬಟ್ಟೆಗೆ ಕಪ್ಪು ದಾರದಲ್ಲಿ ಹೊಲಿದರೂ ಕಣ್ಣು ನೋಯದಷ್ಟು ಬೆಳಕು. ಹೊಲಿಯುತ್ತಾ ಹೊಲಿಯುತ್ತಾ ತಲೆ ಎತ್ತಿದರೆ ಸರೋವರ. ಹತ್ತು ವರ್ಷ ಅವರು ಅಲ್ಲಿ ಕೂತು ಹೊಲಿದರು.

ನಾಲ್ಕು ವರ್ಷದ ಹಿಂದೆ, ಗಾಳಿಯ ಸುಳಿವೇ ಇಲ್ಲದ ಒಂದು ಬೆಳಿಗ್ಗೆ, ಗೂಟದಕ್ಕ ಹೊತ್ತು ಹೋಗದೆ ಪಶ್ಚಿಮ ದಡದ ಮರವೊಂದರ ಮೇಲಿನ ಕಪ್ಪು ಗೆರೆ ನೀರಿನಿಂದ ಎಷ್ಟು ಮೇಲಿದೆ ಎಂದು ಟೇಪು ಹಿಡಿದರು. ನೂರಮೂವತ್ತು ಸೆಂಟಿಮೀಟರ್. ಆಮೇಲೆ ದೋಣಿ ಹತ್ತಿ ಪೂರ್ವ ದಡಕ್ಕೆ ಹೋದವರು ಅಲ್ಲೂ ಟೇಪು ಹಿಡಿದರು. ಎಂಬತ್ತೈದು. ನಿಂತ ನೀರು ಎಲ್ಲ ಕಡೆಯೂ ಒಂದೇ ಮಟ್ಟ. ನೆರೆಯ ಗೆರೆಯೂ ಎಲ್ಲ ಕಡೆ ಒಂದೇ ಎತ್ತರದಲ್ಲಿರಬೇಕು. ನಲವತ್ತೈದು ಸೆಂಟಿಮೀಟರ್ ಎಲ್ಲಿಗೆ ಹೋಯಿತು? ಇನ್ನೊಂದು ಮರ ಅಳೆದರು, ಮತ್ತೊಂದು ಅಳೆದರು. ಹತ್ತು ಮರಗಳೂ ಅದನ್ನೇ ಹೇಳಿದವು.

"ಮರ ನಿಂತಲ್ಲೇ ನಿಂತಿರುತ್ತೆ ಅಂದ್ಕೊಂಡಿದ್ದೆ. ಯಾರಾದ್ರೂ ಹಾಗೇ ತಾನೇ ಅಂದ್ಕೊಳ್ಳೋದು? ಆ ದಡವೇ ಇಡಿಯಾಗಿ ಕೆಳಗೆ ಜಾರಿತ್ತು. ಮರ ಬೀಳ್ಲಿಲ್ಲ, ವಾಲ್ಲಿಲ್ಲ, ನಿಂತ್ಕೊಂಡೇ ಜಾರಿದ್ವು. ಅವುಗಳ ಜೊತೆ ನನ್ನ ಗೆರೆನೂ ಜಾರಿತ್ತು. ನಾನು ಜಾರಿದ ಗೆರೆ ಹಿಡ್ಕೊಂಡು ಗೂಟ ಹೊಡೆದುಬಿಟ್ಟಿದ್ದೆ."

ಇಳಿಜಾರಿನಲ್ಲಿ ಆ ನಲವತ್ತೈದು ಸೆಂಟಿಮೀಟರ್ ಎತ್ತರವೆಂದರೆ ನೆಲದ ಮೇಲೆ ನಾಲ್ಕು ಮೀಟರ್ ದೂರ. ಅಂದರೆ ಹದಿನೇಳನೇ ಗೂಟ ನಾಲ್ಕು ಮೀಟರ್ ಹಿಂದೆ ಇರಬೇಕಿತ್ತು. ತಂಗಿಯ ಮುಂದಿನ ಕೋಣೆಯ ಉದ್ದವೂ ಸರಿಯಾಗಿ ಅಷ್ಟೇ.

ಇದು ಅವರೊಬ್ಬರಿಗೇ ಗೊತ್ತಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಇವತ್ತಿಗೂ ಯಾರಿಗೂ ತಿಳಿಯುತ್ತಿರಲಿಲ್ಲ. ಎರಡು ದಿನ ಅವರಿಗೆ ಅನ್ನ ಸೇರಲಿಲ್ಲ ಎಂದು ಗಂಡ ಹೇಳುತ್ತಾರೆ. ಮೂರನೇ ದಿನ ಕಚೇರಿಗೆ ಹೋಗಿ, ತಪ್ಪು ನನ್ನದು, ಪೂರ್ವ ದಡದ ಗೂಟಗಳೆಲ್ಲ ತಪ್ಪು ಎಂದು ಬರೆದು ಕೊಟ್ಟರು. ಟ್ಯೂಬ್ ಲೆವೆಲ್ ಹಿಡಿದು, ಅಂದರೆ ಗಾರೆಯವರು ಮಟ್ಟ ನೋಡುವ ನೀರು ತುಂಬಿದ ಕೊಳವೆ ಹಿಡಿದು, ದಡದುದ್ದಕ್ಕೂ ಹದಿನೆಂಟು ದಿನ ನಡೆದು, ಸರಿಯಾದ ಮೇಲ್ಗೆರೆ ಎಲ್ಲಿರಬೇಕು ಎಂದು ಲೆಕ್ಕ ಹಾಕಿದರು. ಕಚೇರಿಯವರು ಅದನ್ನು ತಾತ್ಕಾಲಿಕವಾಗಿ ಒಪ್ಪಿ, ಕೆಂಪು ಗೂಟಗಳನ್ನು ಕಿತ್ತು ಹಳದಿ ತಲೆಯ ಗೂಟಗಳನ್ನು ಹೊಡೆಸಿದರು. ಹಳದಿ ಎಂದರೆ ಇನ್ನೂ ಖಚಿತವಾಗಿಲ್ಲ ಎಂದರ್ಥ. ಆದರೂ ಗೆರೆಯೊಳಗೆ ಬಿದ್ದ ಕಟ್ಟಡ ಉಳಿಯುವಂತಿರಲಿಲ್ಲ. ಆ ದಡದಲ್ಲಿ ಹಾಗೆ ಬಿದ್ದದ್ದು ಒಂದೇ ಕೋಣೆ.

ಕೋಣೆ ಕೆಡವಿದ ದಿನ ಗೂಟದಕ್ಕ ಅಲ್ಲೇ ನಿಂತಿದ್ದರು. ಹೋಗಬೇಡ ಎಂದು ಗಂಡ ತಡೆದರೂ ಕೇಳಲಿಲ್ಲ. ನೀರು ಅಲ್ಲೆಲ್ಲೋ ಇದೆ, ನನ್ನ ಕೋಣೆ ಇಲ್ಲಿದೆ, ನಾಲ್ಕು ಮೀಟರಿಗೆ ಕೆರೆ ಸಾಯುತ್ತಾ ಎಂದು ತಂಗಿ ಕೇಳಿದರು. ನಿನಗೆ ನಾಲ್ಕು ಬಿಟ್ಟರೆ ಪಕ್ಕದವರು ಎಂಟು ಕೇಳುತ್ತಾರೆ, ಜಾರುವ ದಡದ ಮೇಲೆ ಭಾರ ಹಾಕಬಾರದು ಎಂದು ಅಕ್ಕ ಹೇಳಿದರು. ಅದು ಅವರಿಬ್ಬರ ನಡುವಿನ ಕೊನೆಯ ಮಾತು. ಮಿಷಿನ್ನು ಹಿಂದಿನ ಅಡುಗೆಮನೆಯ ಮೂಲೆಗೆ ಹೋಯಿತು. ಹಗಲಲ್ಲೂ ದೀಪ ಹಾಕಿಕೊಂಡು ಹೊಲಿಯುವ ಹಾಗಾಯಿತು.

ಮೂರು ವರ್ಷ ನಾಲ್ಕು ತಿಂಗಳು ಅಕ್ಕ ತಂಗಿ ಮಾತಾಡಲಿಲ್ಲ. ಏನಾದರೂ ಹೇಳಬೇಕಾದರೆ ಬಾವನ ಮೂಲಕ. ಪಾಪ, ಆ ಮನುಷ್ಯ ಬ್ರೆಡ್ಡಿನ ಜೊತೆ ಸಂದೇಶವನ್ನೂ ಹೊತ್ತು ತಿರುಗಿದರು. ಒಂದು ವಿಚಿತ್ರವೆಂದರೆ, ಗೂಟದಕ್ಕನ ಕೆಲಸದ ಕೋಟಿನ ಜೇಬು ಸುತ್ತಿಗೆಯ ಭಾರಕ್ಕೆ ಆಗಾಗ ಹರಿಯುತ್ತದೆ. ಗಂಡ ಅದನ್ನು ಗುಟ್ಟಾಗಿ ನಾದಿನಿಯ ಮನೆಗೆ ಒಯ್ಯುತ್ತಿದ್ದರು, ಅದು ಗುಟ್ಟಾಗಿಯೇ ಹೊಲಿದುಕೊಂಡು ವಾಪಸ್ ಬರುತ್ತಿತ್ತು. ಯಾರ ಕೈ ಹೊಲಿಗೆ ಎಂದು ಗೂಟದಕ್ಕನಿಗೆ ಗೊತ್ತು. ಕೇಳಲಿಲ್ಲ. ಬಾಯಿಗೆ ಬೀಗ ಬಿದ್ದರೂ ಸೂಜಿಗೆ ಬಿದ್ದಿರಲಿಲ್ಲ.

ಇನ್ನು ಆ ಒಂಬತ್ತು ಸಾಲುಗಳ ವಿಷಯ.

ಹೋದ ತಿಂಗಳು ಹುಟ್ಟುವ ಹೊತ್ತಿಗೆ ಮೇಲಿನ ಗುಡ್ಡಗಳಲ್ಲಿ ಹತ್ತು ದಿನ ಒಂದೇ ಸಮ ಮಳೆ. ಸರೋವರ ಏರತೊಡಗಿತು. ಮೂವತ್ತಮೂರು ವರ್ಷದ ಮೇಲೆ ಮತ್ತೆ ದೊಡ್ಡ ನೆರೆ. ಗೂಟದಕ್ಕ ಇದಕ್ಕೇ ಕಾದಿದ್ದರು. ತಮ್ಮ ಲೆಕ್ಕ ಸರಿಯೋ ತಪ್ಪೋ ಎಂದು ನೀರೇ ಬಂದು ಹೇಳುವ ಕಾಲ ಅದು. ಪೂರ್ವ ದಡದಲ್ಲಿ ಹೊಸದಾಗಿ ನಲವತ್ತಮೂರು ಮನೆಗಳಿಗೆ ಅರ್ಜಿ ಬಿದ್ದಿತ್ತು. ಹಳದಿ ಗೂಟಗಳು ಬರೀ ಅಂದಾಜು, ಹಳೆಯ ಕೆಂಪು ಗೂಟದ ಜಾಗವನ್ನೇ ಉಳಿಸಿಕೊಡಿ ಎಂಬುದು ನಿವೇಶನ ಮಾರುವವರ ವಾದ. ತಿಂಗಳ ಕೊನೆಗೆ ವಿಚಾರಣೆ. ತನ್ನ ಕೋಣೆಯನ್ನು ಮತ್ತೆ ಕಟ್ಟಿಕೊಳ್ಳಲು ಬಿಡಿ ಎಂದು ತಂಗಿಯದೂ ಒಂದು ಅರ್ಜಿ ಅದರ ಜೊತೆಗಿತ್ತು. ನೆರೆ ತುತ್ತತುದಿ ಮುಟ್ಟಿದ ದಿನದ ಅಂಕಿ ಒಂದಿದ್ದರೆ ಸಾಕು, ಎಲ್ಲ ತೀರ್ಮಾನವಾಗುತ್ತಿತ್ತು.

ತಿಂಗಳ ಒಂದನೇ ತಾರೀಕು ಗೂಟದಕ್ಕ ನ್ಯುಮೋನಿಯಾ ಬಂದು ಆಸ್ಪತ್ರೆ ಸೇರಿದರು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ. ಬೆಳಿಗ್ಗೆ ಒಂದೇ ಒಂದು ಗಂಟೆ ಬಿಟ್ಟುಬಿಡಿ ಎಂದು ಡಾಕ್ಟರ ಕೈಕಾಲು ಹಿಡಿದರಂತೆ. ಕಚೇರಿಯವರು ಬದಲಿಗೆ ಯಾರನ್ನೂ ಕಳಿಸಲಿಲ್ಲ. ನಾಲ್ಕನೇ ದಿನ ಗಂಡ ತಾವೇ ಕಟ್ಟೆಗೆ ಓಡಿದರು. ಅಲ್ಲಿ ಓದುವುದಕ್ಕೆ ಪಟ್ಟಿಯೇ ಇರಲಿಲ್ಲ, ಮುನ್ನೂರರ ಅಂಕಿಯನ್ನೂ ದಾಟಿ ನೀರು ನಿಂತಿತ್ತು. ಒಂಬತ್ತು ದಿನಗಳ ಮೇಲೆ ಗೂಟದಕ್ಕ ಊರುಗೋಲು ಹಿಡಿದು ಪೂರ್ವ ದಡಕ್ಕೆ ಬಂದಾಗ ನೀರು ಇಳಿದಿತ್ತು. ನೆರೆ ಬಿಟ್ಟುಹೋದ ಕಸಕಡ್ಡಿಯ ಸಾಲಾದರೂ ಸಿಗುತ್ತದೆ ಎಂದುಕೊಂಡಿದ್ದರು. ಗಿರಾಕಿಗಳು ಬರುತ್ತಾರೆಂದು ನಿವೇಶನದವರು ಆಳು ಹಚ್ಚಿ ಇಡೀ ದಡವನ್ನು ಗುಡಿಸಿಬಿಟ್ಟಿದ್ದರು. ಒಂದು ಕಡ್ಡಿಯೂ ಇರಲಿಲ್ಲ. ಪಶ್ಚಿಮ ದಡದ ಸಾಲನ್ನು ಗಾಳಿ ಅಲೆಗಳು ಮೊದಲೇ ಚದುರಿಸಿದ್ದವು.

"ಅವತ್ತು ಅತ್ತುಬಿಟ್ಟೆ. ಅಲ್ಲೇ ಕೂತ್ಕೊಂಡು ಅತ್ತೆ. ಮೂವತ್ತೊಂದು ವರ್ಷ ಬೇಡದ ದಿನಗಳಿಗೆಲ್ಲ ಬಂದಿದ್ದೀನಿ. ಬೇಕಾದ ಒಂದು ದಿನ ಮಲ್ಕೊಂಡಿದ್ದೆ."

ತಪ್ಪು ಗೆರೆ ಮತ್ತೆ ಖಾಯಂ ಆಗುತ್ತದೆ, ಜಾರುವ ದಡದ ಮೇಲೆ ನಲವತ್ತಮೂರು ಮನೆಗಳು ಏಳುತ್ತವೆ, ತಂಗಿಯ ಕೋಣೆ ಸುಮ್ಮಸುಮ್ಮನೆ ಬಿದ್ದ ಹಾಗಾಗುತ್ತದೆ. ಕೆಲಸದಿಂದ ನಿವೃತ್ತಿಗೆ ಉಳಿದಿದ್ದದ್ದು ಎರಡೇ ತಿಂಗಳು. ವಿಚಾರಣೆಗೆ ಆರು ದಿನ ಇರುವಾಗ, ಎಂದಿನಂತೆ ಬೆಳಿಗ್ಗೆ ಅವರು ಕಟ್ಟೆಯ ಮೇಲೆ ಬೋರಲು ಮಲಗಿದ್ದರು. ಹಲಗೆ ಅಲ್ಲಾಡಿತು. ಅಲ್ಲಾಡಿಸಬೇಡಿ ಎಂದರು. ಹಲಗೆ ನಿಂತಿತು. ಓದು ಮುಗಿಸಿ ಎದ್ದು ನೋಡಿದರೆ, ತಂಗಿ. ಕಂಕುಳಲ್ಲಿ ಹೊಲಿಗೆಯ ಅಳತೆ ಪುಸ್ತಕ.

ದರ್ಜಿಗಳ ಅಳತೆ ಪುಸ್ತಕ ಎಲ್ಲರಿಗೂ ಗೊತ್ತಿರುವುದೇ. ಗಿರಾಕಿಗೊಂದು ಪುಟ, ಎದೆ, ಸೊಂಟ, ತೋಳು, ಉದ್ದ. ತಂಗಿಯ ಪುಸ್ತಕದಲ್ಲಿ ಡಾಕ್ಟರಮ್ಮನ ಕೋಟು, ಅಂಚೆಯವನ ಪ್ಯಾಂಟು ಎಲ್ಲ ದಾಟಿದ ಮೇಲೆ "ನೀರು" ಎಂದು ಬರೆದ ಪುಟಗಳು ಬರುತ್ತವೆ. ಒಂದೆರಡಲ್ಲ, ನಲವತ್ತು ಪುಟ. ಕೋಣೆ ಕೆಡವಿದ ಮರುದಿನದಿಂದ ಶುರು. ಅವರ ಮನೆಯ ಕೆಳಗೆ ನೀರಂಚಿನಲ್ಲಿ ಒಂದು ಬಂಡೆಯಿದೆ, ನೆಲದೊಳಗಿಂದಲೇ ಎದ್ದದ್ದು, ಜಾರುವ ಮಣ್ಣಿಗೂ ಅದಕ್ಕೂ ಸಂಬಂಧವಿಲ್ಲ. ಅದರ ನೆತ್ತಿಯಿಂದ ನೀರಿಗೆ ಎಷ್ಟು ಇಂಚು ಎಂದು ಹೊಲಿಗೆಯ ಟೇಪು ಇಳಿಬಿಟ್ಟು ದಿನವೂ ಬೆಳಿಗ್ಗೆ ಅಳೆದು ಬರೆದಿದ್ದಾರೆ. ಒಂದು ದಿನವೂ ತಪ್ಪಿಸಿಲ್ಲ.

ಯಾಕೆ ಅಳೆದಿರಿ ಎಂದು ಕೇಳಿದರೆ ತಂಗಿ ಮುಚ್ಚುಮರೆ ಮಾಡುವುದಿಲ್ಲ. "ಅವಳ ಲೆಕ್ಕ ತಪ್ಪು ಅಂತ ತೋರಿಸೋಕೆ. ನೀರು ಅಷ್ಟು ಮೇಲೆ ಬರಲ್ಲ ಅಂತ ಒಂದಿನ ಅವಳ ಮುಖದ ಮುಂದೆ ಪುಸ್ತಕ ಹಿಡೀಬೇಕು ಅಂತ. ಹೊಟ್ಟೆಯುರಿಗೇ ಶುರು ಮಾಡಿದ್ದು, ಸುಳ್ಳು ಯಾಕೆ ಹೇಳ್ಲಿ."

ಆ ಬೆಳಿಗ್ಗೆ ಕಟ್ಟೆಯ ಮೇಲೆ ತಂಗಿ ಹೇಗಿದ್ದೀಯ ಎನ್ನಲಿಲ್ಲ, ಅಕ್ಕಾ ಎನ್ನಲಿಲ್ಲ. ಪುಸ್ತಕ ಬಿಚ್ಚಿ ಓದತೊಡಗಿದರು. ಮೂರು ವರ್ಷ ನಾಲ್ಕು ತಿಂಗಳ ಮೇಲೆ ಅವರ ಬಾಯಿಂದ ಬಂದ ಮೊದಲ ಮಾತು ಬರೀ ಅಂಕಿ. "ಒಂದನೇ ತಾರೀಕು, ಹನ್ನೊಂದು ಇಂಚು. ಎರಡು, ಆರು. ಮೂರು, ಒಂದೂವರೆ. ನಾಲ್ಕನೇ ತಾರೀಕು ಬಂಡೆ ಮುಳುಗಿದೆ. ನೆತ್ತಿ ಮೇಲೆ ಎರಡೂವರೆ ಇಂಚು ನೀರು." ಒಂಬತ್ತೂ ದಿನ ಓದಿ ಮುಗಿಸಿದರು. ಗೂಟದಕ್ಕ ಬರೆದುಕೊಳ್ಳಲು ಪೆನ್ಸಿಲ್ ತೆಗೆದಿದ್ದರು, ಬರೆಯುವುದನ್ನು ಮರೆತು ತಂಗಿಯ ಪುಟವನ್ನೇ ನೋಡುತ್ತಿದ್ದರು. ತಂಗಿಯೇ ಪೆನ್ಸಿಲ್ ಕಿತ್ತುಕೊಂಡು ಬರೆದುಕೊಟ್ಟರು.

ಕಚೇರಿಯ ಮೇಲಧಿಕಾರಿ ಮೊದಲು ನಂಬಲಿಲ್ಲ. ದರ್ಜಿಯ ಪುಸ್ತಕ ಸಾಕ್ಷಿಯಾಗುವುದು ಹೇಗೆ? ಗೂಟದಕ್ಕ ಮೂರು ವರ್ಷದ ತಮ್ಮ ಪುಸ್ತಕಗಳನ್ನು ತಂದು ಪಕ್ಕಕ್ಕಿಟ್ಟರು. ಯಾವ ದಿನ ಬೇಕಾದರೂ ತೆಗೆಯಿರಿ ಎಂದರು. ಅಧಿಕಾರಿ ಕಣ್ಣು ಮುಚ್ಚಿ ಪುಟ ತಿರುವಿದರು. ಅಕ್ಕನ ಪುಸ್ತಕದಲ್ಲಿ ಇನ್ನೂರೆಂಟು ಸೆಂಟಿಮೀಟರ್ ಇದ್ದ ದಿನ ತಂಗಿಯ ಪುಸ್ತಕದಲ್ಲಿ ನಲವತ್ತೊಂದು ಇಂಚು. ಅಲ್ಲಿ ನೂರ ಎಂಬತ್ತೈದು, ಇಲ್ಲಿ ಐವತ್ತು. ಇಂಚನ್ನು ಸೆಂಟಿಮೀಟರಿಗೆ ತಿರುಗಿಸಿ ಎರಡನ್ನೂ ಕೂಡಿದರೆ ಪ್ರತಿ ದಿನವೂ ಮುನ್ನೂರ ಹನ್ನೆರಡು. ಬಂಡೆಯ ನೆತ್ತಿ ಇರುವ ಎತ್ತರವೇ ಅದು. ಅರವತ್ತು ದಿನ ತೆಗೆದರು, ಅರವತ್ತೂ ಮುನ್ನೂರ ಹನ್ನೆರಡು. ಅಬ್ಬಾ! ಒಬ್ಬರ ಮುಖ ಒಬ್ಬರು ನೋಡದ ಇಬ್ಬರು ಹೆಂಗಸರು, ಸರೋವರದ ಎರಡು ಕಡೆ, ಒಬ್ಬರು ಸರ್ಕಾರದ ಪಟ್ಟಿಯಿಂದ ಇನ್ನೊಬ್ಬರು ಹೊಲಿಗೆಯ ಟೇಪಿನಿಂದ, ಸಾವಿರದ ಇನ್ನೂರು ಬೆಳಗು ಒಂದೇ ನೀರನ್ನು ಕೂದಲೆಳೆಯ ವ್ಯತ್ಯಾಸವಿಲ್ಲದೆ ಅಳೆದಿದ್ದರು. ಮೇಲಧಿಕಾರಿ ಎದ್ದು ನಿಂತರಂತೆ.

ನೆರೆಯ ತುತ್ತತುದಿ ಮುನ್ನೂರ ಹದಿನೆಂಟು. ಟ್ಯೂಬ್ ಲೆವೆಲ್ ಹಿಡಿದು ಹದಿನೆಂಟು ದಿನ ನಡೆದು ಗೂಟದಕ್ಕ ಹಾಕಿದ್ದ ಅಂದಾಜು ಮುನ್ನೂರ ಹದಿನೈದು. ಅಷ್ಟು ದೊಡ್ಡ ಸರೋವರದಲ್ಲಿ ಅವರು ತಪ್ಪಿದ್ದು ಎರಡು ಬೆರಳು ಅಗಲದಷ್ಟು. ವಿಚಾರಣೆಯಲ್ಲಿ ಹೊಸ ಗೆರೆ ಖಾಯಂ ಆಯಿತು. ನಲವತ್ತಮೂರು ನಿವೇಶನಗಳೂ ಹಿಂದಕ್ಕೆ ಸರಿದವು. ತಂಗಿಯ ಅರ್ಜಿ ಅದೇ ಅಂಕಿಯಿಂದಾಗಿ ವಜಾ ಆಯಿತು. ಅಂಕಿ ಕೊಟ್ಟರೆ ಹೀಗಾಗುತ್ತದೆ ಎಂದು ಅವರಿಗೆ ಕಟ್ಟೆಗೆ ಬರುವ ಮೊದಲೇ ಗೊತ್ತಿತ್ತು. ಪುಸ್ತಕವನ್ನು ಅಡುಗೆಮನೆಯ ಗೂಡಿನಲ್ಲೇ ಬಿಟ್ಟಿದ್ದರೆ ಇಷ್ಟು ಹೊತ್ತಿಗೆ ಕಿಟಕಿ ಎದ್ದಿರುತ್ತಿತ್ತು.

"ಹತ್ತು ದಿನ ಪುಸ್ತಕ ಇಟ್ಕೊಂಡು ಕೂತಿದ್ದೆ," ಎನ್ನುತ್ತಾರೆ ತಂಗಿ, ಸೂಜಿಗೆ ದಾರ ಪೋಣಿಸುತ್ತಾ. "ಅವಳಿಗೂ ಹೀಗೇ ಆಗಿರ್ಬೇಕು ಅನ್ನಿಸ್ತು, ಆ ಎರಡು ದಿನ. ಅವಳು ತನ್ನ ತಪ್ಪು ತಾನೇ ಹೇಳಿದ್ದಕ್ಕೆ ನನ್ನ ಕೋಣೆ ಹೋಯ್ತು. ನಾನು ಬಾಯಿ ಮುಚ್ಕೊಂಡ್ರೆ, ಹೋದ ಕೋಣೆಗೂ ಅರ್ಥ ಇಲ್ದೆ ಹೋಗ್ತಿತ್ತು."

ಇವತ್ತು ಮಧ್ಯಾಹ್ನ ಹದಿನೇಳನೇ ಗೂಟದ ಸರದಿ. ಹಳದಿಯನ್ನು ಕಿತ್ತು, ಹೊಸ ಮೇಲ್ಗೆರೆಯಿಂದ ಅಳೆದು, ಕೆಂಪು ಗೂಟ ಹೊಡೆಯುತ್ತಿದ್ದಾರೆ ಗೂಟದಕ್ಕ. ಹಿಂದೆ ಕೋಣೆಯಿದ್ದ ಜಾಗದಲ್ಲಿ ಹುಲ್ಲು, ಅದರಾಚೆ ತಂಗಿ ನೆಟ್ಟ ಪೊದೆಗಳು ಮೊಣಕಾಲೆತ್ತರ ಬೆಳೆದಿವೆ. ನೀರಿಗಿಳಿಯುವ ದಾರಿ ನಿಯಮದ ಪ್ರಕಾರ ಅಂಕುಡೊಂಕಾಗಿದೆ, ಮೂರು ತಿರುವು. ಸುತ್ತಿಗೆಯ ಏಟಿಗೆ ಕೋಟಿನ ಜೇಬು ಮತ್ತೆ ಹರಿದಿದೆ. ಅಡುಗೆಮನೆಯ ಬಾಗಿಲಲ್ಲಿ ಕೂತ ತಂಗಿ ಅದನ್ನು ನೋಡಿಯೂ ನೋಡದ ಹಾಗಿದ್ದಾರೆ.

ಗೂಟದಕ್ಕ ಈ ವರ್ಷದ ಪುಸ್ತಕ ತೆರೆದು ಆ ಒಂಬತ್ತು ಸಾಲು ತೋರಿಸುತ್ತಾರೆ. ಅಂಕಿಗಳು ತಂಗಿಯವು, ಇಂಚಿನಿಂದ ಸೆಂಟಿಮೀಟರಿಗೆ ತಿರುಗಿಸಿದ್ದು. ಕೊನೆಯ ಅಂಕಣದಲ್ಲಿ, ಹನ್ನೊಂದು ಸಾವಿರ ಸಹಿಗಳ ನಡುವೆ, ಅಳತೆ ತೆಗೆದವರು ಎಂಬಲ್ಲಿ ಒಂಬತ್ತು ಸಲ "ನನ್ನ ತಂಗಿ" ಎಂದು ಬರೆದಿದ್ದಾರೆ. ಕಚೇರಿಯವರು ಹಾಗೆಲ್ಲ ಬರೆಯುವಂತಿಲ್ಲ, ಪೂರ್ತಿ ಹೆಸರು ಬರೆಯಬೇಕು ಎಂದರಂತೆ. ಇವರು ತಿದ್ದಿಲ್ಲ.

ಮುಂದಿನ ತಿಂಗಳ ಕೊನೆಗೆ ನಿವೃತ್ತಿ. ಆಮೇಲೆ ಏನು ಮಾಡುತ್ತೀರಿ ಎಂದರೆ ಗೂಟದಕ್ಕ ಸುತ್ತಿಗೆ ಕೆಳಗಿಟ್ಟು, ಕೋಣೆಯಿದ್ದ ಹುಲ್ಲಿನ ಕಡೆ ನೋಡುತ್ತಾರೆ. "ಬೇರೇನೂ ಆಸೆ ಇಲ್ಲ. ಬೆಳಿಗ್ಗೆ ಬಂದು ಅಲ್ಲೊಂದು ಕುರ್ಚಿ ಹಾಕ್ಕೊಂಡು ಕೆರೆ ನೋಡ್ತಾ ಕೂತ್ಕೋಬೇಕು. ಗೂಟದಿಂದಾಚೆ ಮನೆ ಕಟ್ಟಬಾರ್ದು ಅಂತ ನಿಯಮ ಇದೆ. ಕುರ್ಚಿ ಹಾಕ್ಬಾರ್ದು ಅಂತ ಇಲ್ಲ." ಆಮೇಲೆ ದನಿ ತಗ್ಗಿಸುತ್ತಾರೆ. "ಅವಳು ಕರೆದ್ರೆ."

ಅಡುಗೆಮನೆಯ ಬಾಗಿಲಿಗೆ ಅದು ಕೇಳಿಸಿದೆ. ತಂಗಿ ಹೊಲಿಗೆಯಿಂದ ತಲೆ ಎತ್ತುವುದಿಲ್ಲ.

"ಕುರ್ಚಿ ಅವಳೇ ತರ್ಲಿ," ಎನ್ನುತ್ತಾರೆ. "ಆ ಕೋಟು ಬಿಚ್ಚಿ ಇಲ್ಲಿ ಕೊಟ್ಟು ಹೋಗೋಕೆ ಹೇಳಿ."